ಇಪ್ಪತ್ತೊಂಬತ್ತು ನಿಮಿಷಗಳ ಗುಡುಗು

ಸಂಗೀತವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರವೊಂದಿದೆ. ಗುರುವಿನ ಮುಂದೆ ಕುಳಿತು ವರ್ಷಗಟ್ಟಲೆ ಸ್ವರ ಸಾಧಿಸಿದ ವಿದ್ವಾಂಸರು, ಶ್ರುತಿಗೂಡಿದ ತಂಬೂರಿ, ಒಂದೇ ರಾಗವನ್ನು ಗಂಟೆಯವರೆಗೆ ವಿಸ್ತರಿಸಿದರೂ ದಣಿಯದ ಕಂಠ, ಅದನ್ನು ತಲೆದೂಗಿ ಆಸ್ವಾದಿಸುವಷ್ಟು ಬಿಡುವುಳ್ಳ ಸಭೆ. ಈ ಚಿತ್ರದ ಮೇಲೆ ನಮಗೆ ಗೌರವವಿದೆ. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬೆಳಗಿನ ಜಾವಕ್ಕೆದ್ದು ಒಲೆ ಹೊತ್ತಿಸಿ, ರಾತ್ರಿ ಹನ್ನೊಂದಕ್ಕೆ ಕೊನೆಯ ಮೇಜನ್ನು ಒರೆಸಿ ಮುಗಿಸುವವನಿಗೆ ಆ ಸಭೆಯಲ್ಲಿ ಆಸನವೆಲ್ಲಿ? ದಿನವಿಡೀ ಲೆಕ್ಕಪತ್ರಗಳ ಮುಂದೆ ಬಗ್ಗಿ, ಎರಡು ಹೊತ್ತೂ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಬರುವ ಗುಮಾಸ್ತನಿಗೆ ಸಾಧನೆಯ ಸಮಯವೆಲ್ಲಿ? ಕೇಳುವ ಹಕ್ಕು ಅವನಿಗುಂಟು, ಸರಿ. ಹಾಡುವ ಹಕ್ಕು ಉಂಟೆ?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ದುಡಿದು ಉಣ್ಣುವವರಿರುವ ದೇಶಗಳಲ್ಲೆಲ್ಲ ಇದು ಹುಟ್ಟಿದೆ. ಆಯಾ ದೇಶದವರು ತಮಗೆ ತೋರಿದ ಉತ್ತರವನ್ನು ಕೊಟ್ಟಿದ್ದಾರೆ. ಅಂತಹ ಉತ್ತರಗಳಲ್ಲಿ ಒಂದು 1976ನೆಯ ಇಸವಿಯ ಏಪ್ರಿಲ್ 23ರಂದು ಅಮೆರಿಕದ ನ್ಯೂಯಾರ್ಕ್ ನಗರದಿಂದ ಹೊರಬಿತ್ತು. ಅದು ಗ್ರಂಥವಲ್ಲ, ಭಾಷಣವಲ್ಲ; ಒಂದು ಕಪ್ಪು ಗ್ರಾಮಫೋನ್ ತಟ್ಟೆ. ಅದರಲ್ಲಿರುವುದು 14 ಹಾಡು. ಎಲ್ಲವನ್ನೂ ಕೇಳಿ ಮುಗಿಸಲು ಬೇಕಾಗುವ ಕಾಲ 29 ನಿಮಿಷ. ಹಾಡಿದ ತಂಡದ ಹೆಸರು ‘ರಮೋನ್ಸ್’. ತಟ್ಟೆಯ ಹೆಸರೂ ಅದೇ. ‘ಪಂಕ್ ರಾಕ್’ ಎಂದು ಲೋಕವಿಂದು ಕರೆಯುವ ಸಂಗೀತಕ್ಕೆ ಇದು ಬಾಲಬೋಧೆಯಿದ್ದಂತೆ.

‘ಪಂಕ್’ ಎಂಬುದು ಇಂಗ್ಲಿಷಿನಲ್ಲಿ ಬೈಗುಳದ ಮಾತು. ಪೋಲಿ, ಕೆಲಸಕ್ಕೆ ಬಾರದವನು ಎಂದು ಅದರ ಅರ್ಥ. ನಮ್ಮ ನುಡಿಯಲ್ಲಿ ಪಂಕವೆಂದರೆ ಕೆಸರು. ಎರಡು ಪದಗಳಿಗೂ ಯಾವ ನಂಟೂ ಇಲ್ಲ. ಆದರೂ ಕೆಸರಿನಲ್ಲಿ ಹುಟ್ಟಿದ್ದೆಲ್ಲ ಕೆಸರಲ್ಲವೆಂಬುದನ್ನು, ಪಂಕಜವೆಂಬ ಹೆಸರನ್ನು ಬಲ್ಲ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಇಷ್ಟು ಸರಳವಾದ, ಇಷ್ಟು ಗದ್ದಲದ ಈ ಹಾಡುಗಳು ಅರ್ಧ ಶತಮಾನದಿಂದ ಕೇಳುವವರನ್ನು ಹಿಡಿದಿಟ್ಟಿರುವುದು ಹೇಗೆ ಎಂಬುದನ್ನು ನಾವಿಲ್ಲಿ ಸ್ವಲ್ಪ ವಿಚಾರಿಸೋಣ.

ಬೊಕ್ಕಸ ಬರಿದಾದ ನಗರ

ನ್ಯೂಯಾರ್ಕ್ ಎಂದರೆ ನಮಗೆ ಮುಗಿಲು ಮುಟ್ಟುವ ಕಟ್ಟಡಗಳ ನೆನಪಾಗುತ್ತದೆ. ಆದರೆ 1975ರಲ್ಲಿ ಆ ನಗರ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಸಾವಿರಾರು ಮಂದಿ ನೌಕರರನ್ನು ನಗರಾಡಳಿತವು ಕೆಲಸದಿಂದ ತೆಗೆಯಿತು. ಅವರಲ್ಲಿ ಪೋಲೀಸರೂ ಉಪಾಧ್ಯಾಯರೂ ಇದ್ದರು. ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಕೇಂದ್ರ ಸರಕಾರವು ಮೊದಲು ಕೈಯೆತ್ತಿತು. ವರ್ಷ ಮುಗಿಯುವ ಹೊತ್ತಿಗಷ್ಟೇ ಸಾಲ ಕೊಡಲು ಒಪ್ಪಿತು.

ಆ ನಗರದ ಬವರಿ ಎಂಬ ಬೀದಿ ನೆಲೆಗೆಟ್ಟವರ ಬೀದಿಯೆಂದೇ ಹೆಸರಾಗಿತ್ತು. ಒಂದು ರಾತ್ರಿಗೆ ಇಷ್ಟೆಂದು ಕೊಟ್ಟು ತಲೆ ಸಾಚಿಕೊಳ್ಳುವ ಅಗ್ಗದ ವಸತಿಗಳು ಅಲ್ಲಿ ಸಾಲಾಗಿದ್ದವು. ಅಂತಹದೊಂದು ವಸತಿಯ ಕೆಳಗಿದ್ದ ಇಕ್ಕಟ್ಟಾದ ಪಾನಗೃಹವನ್ನು ಹಿಲಿ ಕ್ರಿಸ್ಟಲ್ ಎಂಬಾತನು 1973ರ ಡಿಸೆಂಬರಿನಲ್ಲಿ ‘ಸಿ.ಬಿ.ಜಿ.ಬಿ.’ ಎಂಬ ಹೆಸರಿನಿಂದ ತೆರೆದನು. ಹಳ್ಳಿಯ ಧಾಟಿಯ ಹಾಡುಗಳನ್ನು ಹಾಡಿಸಬೇಕೆಂಬುದು ಅವನ ಅಪೇಕ್ಷೆಯಾಗಿತ್ತು. ಆ ನಾಲ್ಕು ಅಕ್ಷರಗಳು ಅಂತಹ ಸಂಗೀತದ ಹೆಸರುಗಳ ಮೊದಲಕ್ಷರಗಳೇ. ಆದರೆ ಅಲ್ಲಿಗೆ ಬಂದು ಸೇರಿದವರು, ಬೇರೆಲ್ಲಿಯೂ ವೇದಿಕೆ ದೊರೆಯದೆ ತಮ್ಮ ಸ್ವಂತ ಹಾಡುಗಳನ್ನು ಹೊತ್ತು ತಿರುಗುತ್ತಿದ್ದ ತರುಣರು. 1974ರ ಆಗಸ್ಟ್ 16ರಂದು ರಮೋನ್ಸ್ ತಂಡ ಅಲ್ಲಿ ಮೊದಲ ಬಾರಿ ನಿಂತಿತು. ಇಪ್ಪತ್ತು ನಿಮಿಷಗಳೊಳಗೆ ಇದ್ದಬದ್ದ ಹಾಡುಗಳನ್ನೆಲ್ಲ ಮುಗಿಸಿ ಇಳಿದುಹೋಗುವುದು ಆ ದಿನಗಳಲ್ಲಿ ಅವರ ಪದ್ಧತಿ.

ಆ ಕಾಲದ ರಾಕ್ ಸಂಗೀತವು ಯಾವ ದಾರಿ ಹಿಡಿದಿತ್ತೆಂಬುದನ್ನು ತಿಳಿದರೆ ಇವರ ಅವಸರದ ಅರ್ಥ ತಿಳಿಯುತ್ತದೆ. 1950ರ ದಶಕದಲ್ಲಿ ಕುಣಿಯುವ ಹುಡುಗರಿಗಾಗಿ ಹುಟ್ಟಿದ ಆ ಸಂಗೀತ, 1970ರ ದಶಕಕ್ಕೆ ಬರುವಷ್ಟರಲ್ಲಿ ಭಾರೀ ಕ್ರೀಡಾಂಗಣಗಳನ್ನು ಸೇರಿಬಿಟ್ಟಿತ್ತು. ‘ಯೆಸ್’ ಎಂಬ ಇಂಗ್ಲೆಂಡಿನ ಪ್ರಸಿದ್ಧ ತಂಡವು 1973ರ ಡಿಸೆಂಬರಿನಲ್ಲಿ ಎರಡು ತಟ್ಟೆಗಳ ಸಂಪುಟವೊಂದನ್ನು ಹೊರತಂದಿತು. ಅದರಲ್ಲಿದ್ದುದು ನಾಲ್ಕೇ ರಚನೆಗಳು. ಕಾಲಾವಧಿ 80 ನಿಮಿಷಗಳಿಗೂ ಹೆಚ್ಚು! ಅವರ ಪಾಂಡಿತ್ಯ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ರಮೋನ್ಸ್ ತಟ್ಟೆಯನ್ನು ಎರಡು ಬಾರಿ ಪೂರ್ತಿಯಾಗಿ ಕೇಳಿ, ಮೂರನೆಯ ಬಾರಿ ಅರ್ಧಕ್ಕೂ ಮೀರಿ ಕೇಳಬಹುದು. ಪಾಂಡಿತ್ಯ ಬೆಳೆದಂತೆಲ್ಲ, ಗ್ಯಾಲರಿಯ ತುದಿಯಲ್ಲಿ ನಿಂತ ಹುಡುಗನಿಗೂ ವೇದಿಕೆಗೂ ನಡುವಣ ದೂರ ಹೆಚ್ಚುತ್ತ ಹೋಯಿತು. ‘ಇದು ನನ್ನಿಂದಾಗದು’ ಎಂಬ ಭಾವನೆಯೊಂದಿಗೆ ಅವನು ಮನೆಗೆ ಮರಳುತ್ತಿದ್ದನು.

ನಾಲ್ವರು, ಒಂದೇ ಅಡ್ಡಹೆಸರು

ನಾಲ್ವರೂ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಬಡಾವಣೆಯವರು. ಜಾನ್ ಕಮ್ಮಿಂಗ್ಸ್ ಕಟ್ಟಡ ಕೆಲಸದ ಕೂಲಿಗಾರ; ಡಗ್ಲಾಸ್ ಕಾಲ್ವಿನ್ ಕಚೇರಿಯ ಟಪಾಲು ವಿಭಾಗದ ನೌಕರ. ಇವರಿಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸಕ್ಕಿದ್ದು ಮಧ್ಯಾಹ್ನದ ಬಿಡುವಿನಲ್ಲಿ ಜೊತೆಗೂಡುತ್ತಿದ್ದರು. 1974ರ ಜನವರಿಯಲ್ಲಿ ಇಬ್ಬರೂ ತಮ್ಮ ಸಂಬಳದ ಹಣದಿಂದ ಒಂದೊಂದು ಗಿಟಾರನ್ನು ಕೊಂಡರು. ಜಾನ್ ಕೊಂಡದ್ದು ‘ಮಾಸ್ರೈಟ್’ ಎಂಬ ಅಷ್ಟೇನೂ ಬೇಡಿಕೆಯಿಲ್ಲದ ಗಿಟಾರು. ಬೆಲೆ ಸುಮಾರು 50 ಡಾಲರು. ಆ ಅಗ್ಗದ ವಾದ್ಯವೇ ಮುಂದೆ ಅವನ ಗುರುತಾಯಿತು.

ಹಾಡುಗಾರನಾದವನು ಜೆಫ್ರಿ ಹೈಮನ್. ಆರೂವರೆ ಅಡಿ ಎತ್ತರದ, ಕೃಶವಾದ, ನಾಚಿಕೆಯ ಸ್ವಭಾವದ ಹುಡುಗ. ಮನೋವ್ಯಾಧಿಗೆ ತುತ್ತಾಗಿ ಆಸ್ಪತ್ರೆಯಲ್ಲಿದ್ದು ಬಂದವನು. ನಾಲ್ಕನೆಯವನು ತಮಾಶ್ ಎರ್ದೆಯಿ. ಇವನು ಹುಟ್ಟಿದ್ದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ, 1949ರಲ್ಲಿ. ತಂದೆತಾಯಿಗಳು ಯೆಹೂದ್ಯರು. ಹಿಟ್ಲರನ ಕಾಲದ ನರಮೇಧದಲ್ಲಿ ಬಂಧುಗಳನೇಕರನ್ನು ಕಳೆದುಕೊಂಡು ಹೇಗೋ ಉಳಿದುಕೊಂಡವರು. 1950ರ ದಶಕದಲ್ಲಿ ಮಗನನ್ನು ಕರೆದುಕೊಂಡು ಅಮೆರಿಕಕ್ಕೆ ವಲಸೆ ಬಂದರು. ತಮಾಶನು ಧ್ವನಿಮುದ್ರಣಾಲಯವೊಂದರಲ್ಲಿ ಸಹಾಯಕನಾಗಿ ದುಡಿದವನು. ತಂಡಕ್ಕೆ ವ್ಯವಸ್ಥಾಪಕನಾಗಿರಬೇಕೆಂದು ಬಂದನು; ಆದರೆ ಪರೀಕ್ಷೆಗೆ ಬಂದ ಡ್ರಮ್ ವಾದಕರಲ್ಲಿ ಒಬ್ಬನಿಗೂ ಇವರಿಗೆ ಬೇಕಾದ ನೇರವಾದ ಪೆಟ್ಟು ಹಿಡಿಸಲಿಲ್ಲ. ಎಲ್ಲರೂ ಅಲಂಕಾರ ಮಾಡುವವರೇ! ಕಡೆಗೆ, ಅದುವರೆಗೆ ಡ್ರಮ್ ಬಾರಿಸಿ ಅಭ್ಯಾಸವೇ ಇಲ್ಲದ ತಮಾಶನು ತಾನೇ ಕೋಲು ಹಿಡಿದು ಕುಳಿತನು.

ನಾಲ್ವರೂ ತಮ್ಮ ಮನೆತನದ ಹೆಸರುಗಳನ್ನು ಬದಿಗಿಟ್ಟು ‘ರಮೋನ್’ ಎಂಬ ಒಂದೇ ಅಡ್ಡಹೆಸರನ್ನು ಇಟ್ಟುಕೊಂಡರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತನ್ನ ಎಳೆವಯಸ್ಸಿನಲ್ಲಿ ಕೆಲಕಾಲ ಇಟ್ಟುಕೊಂಡಿದ್ದ ಹೆಸರಿನಿಂದ ಅದನ್ನು ಎತ್ತಿಕೊಂಡರು. ಹೀಗೆ ಜೆಫ್ರಿಯು ಜೋಯಿ ರಮೋನ್ ಆದನು. ಜಾನನು ಜಾನಿ, ಡಗ್ಲಾಸನು ಡೀ ಡೀ, ತಮಾಶನು ಟಾಮಿ. ರಕ್ತಸಂಬಂಧವಿಲ್ಲದ ನಾಲ್ವರು ಒಂದೇ ಬಗೆಯ ಕರಿಯ ಚರ್ಮದ ಅಂಗಿ, ಮೊಣಕಾಲು ಹರಿದ ಷರಾಯಿ ತೊಟ್ಟು ಅಣ್ಣತಮ್ಮಂದಿರಂತೆ ಕಾಣಿಸಿಕೊಂಡರು. ಊರು ಬಿಟ್ಟು ಬಂದು, ಹೋಟೆಲಿನ ಹೆಸರೇ ತಮ್ಮ ಹೆಸರಿನ ಮುಂದೆ ಅಂಟಿಕೊಂಡು, ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ ಅಣ್ಣತಮ್ಮಂದಿರಾದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಒಂದು ವಾರದ ಕೆಲಸ

1976ರ ಫೆಬ್ರುವರಿಯಲ್ಲಿ ‘ಪ್ಲಾಜಾ ಸೌಂಡ್’ ಎಂಬ ಮುದ್ರಣಾಲಯದಲ್ಲಿ ಈ ಹಾಡುಗಳನ್ನು ಮುದ್ರಿಸಿಕೊಂಡರು. ಅದು ಸುಪ್ರಸಿದ್ಧವಾದ ರೇಡಿಯೋ ಸಿಟಿ ಸಂಗೀತ ಭವನದ ಮೇಲಂತಸ್ತಿನಲ್ಲಿತ್ತು. ವಾದ್ಯಗಳಿಗೆ ಮೂರು ದಿನ, ಗಾಯನಕ್ಕೆ ನಾಲ್ಕು ದಿನ. ಒಂದು ವಾರದಲ್ಲಿ ಮುದ್ರಣ ಮುಗಿಯಿತು. ಒಟ್ಟು ಖರ್ಚು ಸುಮಾರು 6,400 ಡಾಲರು. ದೊಡ್ಡ ತಂಡಗಳು ತಿಂಗಳುಗಟ್ಟಲೆ ಮುದ್ರಣಾಲಯದಲ್ಲಿ ಬೀಡುಬಿಡುತ್ತಿದ್ದ ಕಾಲದಲ್ಲಿ ಇದು ತೀರ ಅಲ್ಪವಾದ ಮೊತ್ತ. ನಿರ್ಮಾಪಕ ಕ್ರೇಗ್ ಲಿಯಾನ್. ಅವನಿಗೆ ಜೊತೆಯಾದವನು ಟಾಮಿ. ಹೊರತಂದವರು ‘ಸೈರ್’ ಸಂಸ್ಥೆಯವರು.

ಖರ್ಚು ಕಡಿಮೆಯಾಯಿತೆಂದ ಮಾತ್ರಕ್ಕೆ ಕೆಲಸ ಒರಟಾಯಿತೆಂದು ತಿಳಿಯಬಾರದು. ಗಿಟಾರನ್ನು ಒಂದು ಬದಿಗೂ, ಬಾಸ್ ಎಂಬ ಮಂದ್ರ ಗಿಟಾರನ್ನು ಇನ್ನೊಂದು ಬದಿಗೂ ಬೇರ್ಪಡಿಸಿ, ಹಾಡನ್ನೂ ಡ್ರಮ್ಮನ್ನೂ ನಡುವೆ ನಿಲ್ಲಿಸಿದರು. 1960ರ ದಶಕದ ಬೀಟಲ್ಸ್ ತಟ್ಟೆಗಳಲ್ಲಿ ಇಂತಹ ವಿಂಗಡಣೆಯಿತ್ತು. ಇದರಿಂದಾದ ಉಪಕಾರವನ್ನು ನಮ್ಮ ಓದುಗರು ಸುಲಭವಾಗಿ ಪರೀಕ್ಷಿಸಿ ನೋಡಬಹುದು. ಮೊಬೈಲಿಗೆ ಇಯರ್‌ಫೋನ್ ಸೇರಿಸಿ ಮೊದಲು ಎರಡು ಕಿವಿಗಳಲ್ಲಿಯೂ ಕೇಳಿ. ಬಳಿಕ ಒಂದನ್ನು ಕಿವಿಯಿಂದ ತೆಗೆಯಿರಿ. ಗಿಟಾರು ಹಿಂದೆ ಸರಿದು ಬಾಸ್ ಉಳಿಯುತ್ತದೆ. ಇನ್ನೊಂದನ್ನು ತೆಗೆದರೆ ಬಾಸ್ ಸರಿದು ಗಿಟಾರು ಉಳಿಯುತ್ತದೆ. ಕಲಿಯಬೇಕೆಂಬ ಹುಡುಗನಿಗೆ ಬೇರೆ ಮೇಷ್ಟರೇ ಬೇಡ. ಪಾಠವನ್ನು ಬಿಡಿಸಿಯೇ ಇಟ್ಟಿದ್ದಾರೆ.

ಹೊದಿಕೆಯ ಮೇಲಿರುವುದು ಕಪ್ಪುಬಿಳುಪಿನ ಒಂದು ಛಾಯಾಚಿತ್ರ. ಇಟ್ಟಿಗೆಯ ಗೋಡೆಗೆ ಒರಗಿ ನಿಂತ ನಾಲ್ವರು; ನಗುವಿಲ್ಲ, ಅಲಂಕಾರವಿಲ್ಲ. ತೆಗೆದವಳು ರೋಬರ್ಟಾ ಬೇಲಿ ಎಂಬಾಕೆ. ಅದೇ ಪಾನಗೃಹದ ಬಾಗಿಲಲ್ಲಿ ನಿಂತು ಪ್ರವೇಶದ ಹಣ ವಸೂಲು ಮಾಡುತ್ತಿದ್ದವಳು ಅವಳು.

ಸರಳತೆಯೆಂಬ ಕಷ್ಟ

ಇನ್ನು ಸಂಗೀತದ ಮಾತು. ಗಿಟಾರಿನ ತಂತಿಗಳನ್ನು ಒಟ್ಟಿಗೆ ಮೀಟಿ ಎಬ್ಬಿಸುವ ಸ್ವರಗುಚ್ಛಕ್ಕೆ ‘ಕಾರ್ಡ್’ ಎಂದು ಹೆಸರು. ಇಲ್ಲಿಯ ಹಾಡುಗಳಿಗೆ ಬಹುಮಟ್ಟಿಗೆ ಬೇಕಾಗುವುದು ಮೂರು ನಾಲ್ಕು ಕಾರ್ಡ್‌ಗಳು ಮಾತ್ರ. ನಡುವೆ ಗಿಟಾರುಗಾರನೊಬ್ಬನೇ ಮುಂದೆ ಬಂದು ತನ್ನ ಚಾತುರ್ಯ ತೋರಿಸುವ ಭಾಗವಿಲ್ಲ. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಡೀ ಡೀ ಕೂಗುವುದೇ ತಡ, ನಾಲ್ವರೂ ಒಮ್ಮೆಲೇ ನುಗ್ಗುವುದು ಅವರ ವೇದಿಕೆಯ ಕ್ರಮ. ತಟ್ಟೆಯ ಅತಿ ದೀರ್ಘವಾದ ಹಾಡು ಕೂಡ ಎರಡೂವರೆ ನಿಮಿಷವನ್ನು ಹೆಚ್ಚಾಗಿ ದಾಟುವುದಿಲ್ಲ. ಅತಿ ಚಿಕ್ಕದು ಸುಮಾರು ಒಂದೂವರೆ ನಿಮಿಷ. ಒಂದು ಚಹಾ ಆರುವುದರೊಳಗೆ ಒಂದು ಹಾಡು ಹುಟ್ಟಿ, ಬೆಳೆದು, ಮುಗಿದುಹೋಗಿರುತ್ತದೆ.

‘ಇಷ್ಟೆಯೇ? ಇದನ್ನು ಯಾರು ಬೇಕಾದರೂ ನುಡಿಸಬಹುದಲ್ಲ!’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿಯೇ ಉತ್ತರವೂ ಅಡಗಿದೆ. ಯಾರು ಬೇಕಾದರೂ ಆರಂಭಿಸಬಹುದು, ನಿಜ. ಆದರೆ ನಡೆಸಿಕೊಂಡು ಹೋಗುವುದು?

ಜಾನಿಯ ಕೈಕೆಲಸವನ್ನೇ ನೋಡೋಣ. ಸಾಮಾನ್ಯವಾಗಿ ಗಿಟಾರು ನುಡಿಸುವವರು ತಂತಿಯನ್ನು ಒಮ್ಮೆ ಕೆಳಮುಖವಾಗಿ, ಒಮ್ಮೆ ಮೇಲ್ಮುಖವಾಗಿ ಮೀಟುತ್ತಾರೆ. ಇದರಿಂದ ಕೈಗೆ ಅರ್ಧ ಶ್ರಮ ಉಳಿಯುತ್ತದೆ. ಆದರೆ ಮೇಲ್ಮುಖದ ಮೀಟು ಸ್ವಲ್ಪ ತೆಳ್ಳಗೆ ಕೇಳಿಸುತ್ತದೆ. ಜಾನಿಯು ಮೀಟುತ್ತಿದ್ದುದು ಬರೀ ಕೆಳಮುಖವಾಗಿ. ಭತ್ತದ ಮೇಲೆ ಬೀಳುವ ಒನಕೆಯಂತೆ ಪ್ರತಿಯೊಂದು ಪೆಟ್ಟಿಗೂ ಒಂದೇ ತೂಕ. ಈ ತಟ್ಟೆಯ ಮೊದಲ ಹಾಡಿನ ನಡೆ ನಿಮಿಷಕ್ಕೆ ಸುಮಾರು 175 ತಾಳ. ತಾಳಕ್ಕೆ ಎರಡರಂತೆ ಲೆಕ್ಕ ಹಾಕಿದರೆ ನಿಮಿಷಕ್ಕೆ 350 ಮೀಟು; ಒಂದು ಸೆಕೆಂಡಿಗೆ ಆರರ ಹತ್ತಿರ. ಒಂದು ಹಾಡಿಗೆ ಇದನ್ನು ಮಾಡಿ ನೋಡಿದವರ ತೋಳು ಸೋತುಹೋಗುತ್ತದೆ. ಅವನು ಹಾಡಿನ ಮೇಲೆ ಹಾಡಾಗಿ, ನಡುವೆ ಉಸಿರಾಡಲೂ ಬಿಡುವು ಕೊಡದೆ, ರಾತ್ರಿಯ ಮೇಲೆ ರಾತ್ರಿ ಅದನ್ನೇ ಮಾಡಿದನು.

ಆದುದರಿಂದ ಈ ಸರಳತೆ ಬಾರದವನ ಬಡತನವಲ್ಲ. ಬೇಡವೆಂದು ಬಿಟ್ಟವನ ಕಟ್ಟುನಿಟ್ಟು. ಕಾವಲಿಯ ಮೇಲೆ ದೋಸೆ ಹುಯ್ಯುವುದನ್ನು ಎಲ್ಲರೂ ನೋಡಿದ್ದಾರೆ. ಹಿಟ್ಟು, ಎಣ್ಣೆ, ಕಾವು, ಅದರಲ್ಲೇನು ವಿದ್ಯೆ? ಆದರೆ ಬೆಳಗಿನ ಗಿರಾಕಿಗಳ ನೂಕಾಟದಲ್ಲಿ ನೂರು ದೋಸೆಗಳನ್ನು ಒಂದೇ ಹದ, ಒಂದೇ ಬಣ್ಣ, ಒಂದೇ ಅಳತೆಯಲ್ಲಿ ಎಬ್ಬಿಸುವವನನ್ನು ಕೇಳಿರಿ. ಅವನು ಹೇಳಿಯಾನು ಸರಳವಾದುದರ ಕಷ್ಟವನ್ನು.

ಖಾರದೊಳಗಿನ ಬೆಲ್ಲ

ಗದ್ದಲವೊಂದರಿಂದಲೇ ಯಾವ ಹಾಡೂ ಐವತ್ತು ವರ್ಷ ಬಾಳದು. ಈ ತಟ್ಟೆಯ ಆಕರ್ಷಣೆಗೆ ಇನ್ನೊಂದು ಗುಟ್ಟಿದೆ. ಗಿಟಾರಿನ ಆ ಗರಗಸದಂತಹ ಸದ್ದಿನ ಕೆಳಗೆ ಅಡಗಿರುವ ರಾಗಗಳು ಬಹು ಮಧುರವಾದವು. 1960ರ ದಶಕದ ಆರಂಭದಲ್ಲಿ ಅಮೆರಿಕದ ರೇಡಿಯೋದಲ್ಲಿ ಕೇಳಿಬರುತ್ತಿದ್ದ ಹುಡುಗಿಯರ ಗುಂಪುಗಾನ, ಕಡಲತೀರದ ಹುಡುಗರ ಉಲ್ಲಾಸದ ಪದಗಳು, ಬೀಟಲ್ಸರ ಎಳೆಯ ದಿನಗಳ ಹಾಡು—ಇವೆಲ್ಲ ಈ ನಾಲ್ವರು ಬಾಲ್ಯದಲ್ಲಿ ಕೇಳಿ ಬೆಳೆದವು. ಅವುಗಳ ತಿರುಳನ್ನು ಇಟ್ಟುಕೊಂಡು ಮೇಲಿನ ಸಕ್ಕರೆಯ ಲೇಪವನ್ನು ಕೆರೆದು ಹಾಕಿದರು. ಕ್ರಿಸ್ ಮಾಂಟೆಜ್ ಎಂಬವನು 1962ರಲ್ಲಿ ಹಾಡಿದ ಕುಣಿತದ ಹಾಡೊಂದನ್ನು ಈ ತಟ್ಟೆಯಲ್ಲಿ ಮತ್ತೆ ಹಾಡಿರುವುದೇ ಇದಕ್ಕೆ ಸಾಕ್ಷಿ. ಅದೇ ತಟ್ಟೆಯಲ್ಲಿ, ‘ನಿನ್ನ ಗೆಳೆಯನಾಗಬೇಕು’ ಎಂದು ನಾಚುತ್ತ ಕೇಳಿಕೊಳ್ಳುವ ಮೆಲುನಡೆಯ ಪ್ರೇಮಗೀತವೊಂದಿದೆ. ಸುತ್ತಲಿನ ಸಿಡಿಲಿನ ನಡುವೆ ಜೋಯಿಯ ದನಿ ಅಲ್ಲಿ ಎಳೆಯ ಹುಡುಗನದೇ.

ಉಡುಪಿಯ ಅಡಿಗೆಯವರು ಸಾರಿಗೆ ಬೆಲ್ಲ ಹಾಕುವುದು ಸಿಹಿ ತೋರಲೆಂದಲ್ಲ. ಖಾರ, ಹುಳಿಗಳು ನಾಲಿಗೆಯ ಮೇಲೆ ನಿಲ್ಲಲೆಂದು. ಇಲ್ಲಿಯೂ ಹಾಗೆಯೇ. ಮೊದಲ ಸಲ ಕೇಳಿದಾಗ ಬರೀ ಸಿಡಿಲು. ಮೂರನೆಯ ಸಲಕ್ಕೆ ರಾಗ ಬಾಯಿಗೆ ಬರುತ್ತದೆ. ಮರುದಿನ ಕೆಲಸದ ನಡುವೆ ನಮಗರಿವಿಲ್ಲದೆಯೇ ಗುನುಗುತ್ತಿರುತ್ತೇವೆ.

ಮೇಲಾಗಿ, ಇದು ಕಿವಿಗಿಂತ ಮೊದಲು ಮೈಗೆ ತಲುಪುವ ಸಂಗೀತ. ಬಯಲಾಟದ ಚಂಡೆಯ ಮೊದಲ ಪೆಟ್ಟು ಬಿದ್ದಾಗ ಯಾವ ಪ್ರಸಂಗ, ಯಾವ ವೇಷ ಎಂದು ತಿಳಿಯುವುದಕ್ಕೆ ಮೊದಲೇ ನಿದ್ದೆಗಣ್ಣಿನ ಹುಡುಗನ ಬೆನ್ನು ನೆಟ್ಟಗಾಗುವುದನ್ನು ನಾವೆಲ್ಲ ಬಲ್ಲೆವು. ಚಂಡೆಯ ಹಿಂದಿರುವ ಶಾಸ್ತ್ರ ಬೇರೆ, ಪರಂಪರೆ ಬೇರೆ. ಹೋಲಿಕೆ ಅಲ್ಲಿಯವರೆಗೆ ಬೆಳೆಯದು. ಆದರೆ ದಣಿದ ಮೈಯನ್ನು ಎಬ್ಬಿಸಿ ನಿಲ್ಲಿಸುವ ಗುಣ ಎರಡಕ್ಕೂ ಉಂಟು.

ಆಕ್ಷೇಪಗಳು

ಈ ತಟ್ಟೆಯನ್ನು ಹೊಗಳುವಾಗ ಅದರ ದೋಷಗಳನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯವಾದೀತು. ಇಲ್ಲಿಯ ಹಾಡುಗಳ ವಸ್ತು ಅನೇಕ ಕಡೆ ಒರಟು. ಅಂಟಿನ ವಾಸನೆ ಮೂಸಿ ಮತ್ತೇರಿಸಿಕೊಳ್ಳುವ ಹುಡುಗರು, ಬೀದಿಯಲ್ಲಿ ಮೈ ಮಾರುವ ತರುಣ, ಹೊಡೆದಾಟ, ಭೀಕರ ಸಿನಿಮಾದ ಗರಗಸ—ಇವೆಲ್ಲ ಬರುತ್ತವೆ. ಹಿಟ್ಲರನ ಸೈನಿಕರ ಪ್ರಸ್ತಾಪವೂ ಹಾಸ್ಯದ ಧಾಟಿಯಲ್ಲಿ ಬಂದಿದೆ. ತಂಡದಲ್ಲಿ ಜೋಯಿ ಮತ್ತು ಟಾಮಿ ಇಬ್ಬರೂ ಯೆಹೂದ್ಯರೆಂಬುದನ್ನು ನೆನೆದಾಗ, ಇದು ದುಷ್ಟತನವನ್ನು ಅಣಕಿಸುವ ಕಹಿ ನಗೆಯೆಂದು ತಿಳಿಯುತ್ತದೆ. ಆದರೂ ಎಲ್ಲರಿಗೂ ಆ ನಗೆ ರುಚಿಸಬೇಕೆಂದಿಲ್ಲ. ನಮಗೂ ಅದು ಪೂರ್ತಿಯಾಗಿ ರುಚಿಸಿಲ್ಲ.

ಇಷ್ಟು ಮಾತ್ರ ಹೇಳಬಹುದು: ಅವರು ಹಾಡಿದ್ದು ತಮ್ಮ ಬೀದಿಯಲ್ಲಿ ಕಂಡದ್ದನ್ನು. ಕಂಡದ್ದನ್ನು ಹಾಡುವುದು ಬೇರೆ, ಬಾಳಬೇಕಾದ ರೀತಿಯೆಂದು ಬೋಧಿಸುವುದು ಬೇರೆ. ಮಾದಕದ್ರವ್ಯಗಳ ದಾರಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಈ ತಂಡದಲ್ಲಿಯೇ ನಿದರ್ಶನವಿದೆ. ಅನೇಕ ಹಾಡುಗಳನ್ನು ಬರೆದ ಡೀ ಡೀ, ತನ್ನ ಐವತ್ತನೆಯ ವಯಸ್ಸಿನಲ್ಲಿ, 2002ರ ಜೂನ್ 5ರಂದು ಹೆರಾಯಿನ್ ಸೇವನೆಯಿಂದ ತೀರಿಕೊಂಡನು. ಈ ಹಾಡುಗಳಿಂದ ಹುರುಪನ್ನು ಪಡೆಯುವವರು ಆ ಸಾವಿನಿಂದ ವಿವೇಕವನ್ನೂ ಪಡೆಯಬೇಕು.

ತಡವಾಗಿ ಬಂದ ಮನ್ನಣೆ

ತಟ್ಟೆ ಹೊರಬಂದಾಗ ಪತ್ರಿಕೆಗಳಲ್ಲಿ ಕೆಲವರು ಮೆಚ್ಚಿ ಬರೆದರು, ಜನ ಕೊಳ್ಳಲಿಲ್ಲ. ಮಾರಾಟದ ಪಟ್ಟಿಯಲ್ಲಿ ಅದು ಏರಿದ್ದು 111ನೆಯ ಸ್ಥಾನದವರೆಗೆ ಮಾತ್ರ. ಆದರೆ ಕಿಡಿ ಹಾರಿ ಬೇರೆ ಊರುಗಳಲ್ಲಿ ಬಿದ್ದಿತ್ತು. 1976ರ ಜುಲೈ 4ರಂದು ತಂಡವು ಲಂಡನ್ನಿನ ರೌಂಡ್‌ಹೌಸ್ ಭವನದಲ್ಲಿ ಹಾಡಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಮೇಲೆದ್ದ ತರುಣ ತಂಡಗಳು ಈ ತಟ್ಟೆಯನ್ನು ಪಾಠದಂತೆ ಕೇಳಿದವು. ‘ಇದು ನಮ್ಮಿಂದಲೂ ಆದೀತು’ ಎಂದು ಅಲ್ಲಿಯ ಹುಡುಗರಿಗೆ ಅನ್ನಿಸಿತು. ಪಂಡಿತರ ಸಂಗೀತ ಅವರಲ್ಲಿ ಬೆರಗನ್ನು ಹುಟ್ಟಿಸಿತ್ತು. ಈ ಸಂಗೀತ ಧೈರ್ಯವನ್ನು ಹುಟ್ಟಿಸಿತು.

ಆ ಮುಂದಿನ ಕಥೆ ದುಡಿಮೆಯ ಕಥೆ. ಟಾಮಿಯು 1978ರಲ್ಲಿ ಡ್ರಮ್ಮಿನ ಪೀಠವನ್ನು ಬಿಟ್ಟನು, ಬೇರೆಯವರು ಬಂದರು. 1996ರ ಆಗಸ್ಟ್ 6ರಂದು ಕೊನೆಯ ಬಾರಿ ವೇದಿಕೆ ಏರುವ ಹೊತ್ತಿಗೆ ತಂಡವು ನಡೆಸಿದ್ದ ಕಾರ್ಯಕ್ರಮಗಳ ಸಂಖ್ಯೆ 2,263. ಇಪ್ಪತ್ತೆರಡು ವರ್ಷಗಳಲ್ಲಿ ಹಂಚಿದರೆ ವರ್ಷಕ್ಕೆ ನೂರಕ್ಕೂ ಮಿಕ್ಕಿ! ಈ ಅವಧಿಯ ಬಹುಭಾಗದಲ್ಲಿ ಜೋಯಿ ಮತ್ತು ಜಾನಿ ಒಬ್ಬರೊಡನೊಬ್ಬರು ಮಾತನಾಡುತ್ತಿದ್ದುದೇ ಅಪರೂಪ. ಜೋಯಿಯ ಒಲವಿನ ಹುಡುಗಿ ಅವನನ್ನು ಬಿಟ್ಟು ಜಾನಿಯ ಕೈಹಿಡಿದಿದ್ದಳು. ಆದರೂ ಒಂದೇ ಗಾಡಿಯಲ್ಲಿ ಊರೂರು ತಿರುಗಿ, ಎಣಿಕೆಯ ಕೂಗು ಬಿದ್ದೊಡನೆ ಒಂದೇ ಕ್ಷಣದಲ್ಲಿ ಒಂದಾಗಿ ನುಡಿಸಿದರು. ಒಂದೇ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದೂ ಗಿರಾಕಿಯ ಎಲೆಯಲ್ಲಿ ಒಂದು ಪದಾರ್ಥವೂ ತಪ್ಪದಂತೆ ನೋಡಿಕೊಂಡವರನ್ನು ನಮ್ಮ ಹೋಟೆಲುಗಳೂ ಕಂಡಿವೆ. ಮನಸ್ಸು ಮುರಿದರೂ ಕೆಲಸ ಮುರಿಯಬಾರದೆಂಬ ಈ ನಿಷ್ಠೆ ಶ್ಲಾಘ್ಯವೋ, ದುಃಖಕರವೋ? ಎರಡೂ ಹೌದೆಂದು ನಮಗೆ ತೋರುತ್ತದೆ.

ಸ್ವದೇಶಕ್ಕಿಂತ ಹೆಚ್ಚಿನ ಪ್ರೀತಿ ಅವರಿಗೆ ದೊರೆತದ್ದು ದೂರದ ಅರ್ಜೆಂಟೀನಾದಲ್ಲಿ. 1996ರ ಮಾರ್ಚ್ 16ರಂದು ಬ್ಯೂನೋಸ್ ಐರಿಸ್ ನಗರದ ರಿವರ್ ಪ್ಲೇಟ್ ಕ್ರೀಡಾಂಗಣದಲ್ಲಿ ಅವರು ಹಾಡಿದರು. ಕೇಳಿದವರ ನುಡಿ ಸ್ಪಾನಿಷ್. ಹಾಡಿನ ಮಾತುಗಳೆಲ್ಲ ಅರ್ಥವಾಗಿರಲಾರವು. ತಾಳಕ್ಕೆ ಭಾಷಾಂತರ ಬೇಕಾಗಲಿಲ್ಲ.

ಜೋಯಿ 2001ರ ಏಪ್ರಿಲ್ 15ರಂದು ಕ್ಯಾನ್ಸರಿನಿಂದ ತೀರಿಕೊಂಡನು. ಮರುವರ್ಷ ಡೀ ಡೀ. 2004ರ ಸೆಪ್ಟೆಂಬರ್ 15ರಂದು ಜಾನಿ, ಅವನೂ ಕ್ಯಾನ್ಸರಿನಿಂದಲೇ. ಈ ನಡುವೆ 2002ರಲ್ಲಿ ಅಮೆರಿಕದ ರಾಕ್ ಸಂಗೀತದ ಕೀರ್ತಿಭವನದಲ್ಲಿ ತಂಡದ ಹೆಸರನ್ನು ಕೆತ್ತಿದರು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು, ಕಾಪಾಡಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಈ ತಟ್ಟೆಯನ್ನು ಸೇರಿಸಿಕೊಂಡಿತು. ಅಮೆರಿಕದಲ್ಲಿ 5,00,000 ಪ್ರತಿಗಳು ಖರ್ಚಾದರೆ ಕೊಡುವ ‘ಚಿನ್ನದ ತಟ್ಟೆ’ಯ ಮನ್ನಣೆ ಇದಕ್ಕೆ ಬಂದದ್ದು 2014ರ ಏಪ್ರಿಲಿನಲ್ಲಿ, ಹೊರಬಂದ 38 ವರ್ಷಗಳ ಬಳಿಕ. ಆಗ ನಾಲ್ವರಲ್ಲಿ ಉಳಿದಿದ್ದವನು ಬುಡಾಪೆಸ್ಟಿನಿಂದ ವಲಸೆ ಬಂದ ಟಾಮಿಯೊಬ್ಬನೇ. ಅದೇ ವರ್ಷದ ಜುಲೈ 11ರಂದು ಅವನೂ ಕಣ್ಣುಮುಚ್ಚಿದನು. ಇಂದು ಆ ತಂಡದ ಲಾಂಛನವುಳ್ಳ ಅಂಗಿಗಳು ನಮ್ಮ ನಗರಗಳ ಬೀದಿಬದಿಯಲ್ಲಿಯೂ ತೂಗಾಡುತ್ತವೆ. ತೊಟ್ಟವರಲ್ಲಿ ಹಾಡು ಕೇಳದವರೇ ಹೆಚ್ಚು ಮಂದಿಯಿದ್ದರೆ ಆಶ್ಚರ್ಯವಿಲ್ಲ.

ನಮಗೆ ಇದರಿಂದೇನು?

ನಮ್ಮ ಓದುಗರೆಲ್ಲರೂ ಪಂಕ್ ರಾಕ್ ಕೇಳಬೇಕೆಂದು ನಾವು ಒತ್ತಾಯಿಸುವುದಿಲ್ಲ. ಕೇಳಿ ಕಿವಿ ಮುಚ್ಚಿಕೊಳ್ಳುವವರೂ ಇದ್ದಾರು, ಅವರವರ ಅಭಿರುಚಿ. ಕೇಳುವ ಕುತೂಹಲವಿದ್ದವರು, ಒಂದೇ ಕೋಣೆಯಲ್ಲಿ ಮಲಗಿದ ಹತ್ತು ಮಂದಿಯ ನಿದ್ದೆ ಕೆಡದಂತೆ ಇಯರ್‌ಫೋನಿನಲ್ಲಿ, ಕಿವಿಗೆ ನೋವಾಗದಷ್ಟು ಸದ್ದಿನಲ್ಲಿ ಕೇಳಲಿ. 29 ನಿಮಿಷ ಹೆಚ್ಚಿನ ಹೊತ್ತೇನೂ ಅಲ್ಲ.

ನಾವು ಹೇಳಬಯಸುವುದು ಬೇರೊಂದು ಮಾತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಲೋಟ ತೊಳೆದ ಕೈಗಳೇ ರಾತ್ರಿ ಲೇಖನಿ ಹಿಡಿದವು. ಹೋಟೆಲಿನಲ್ಲಿ ದುಡಿದವರೇ ರಜೆಯ ರಾತ್ರಿ ಬಣ್ಣ ಹಚ್ಚಿ ಯಕ್ಷಗಾನದ ರಾಜರಾದರು. ಪೂರ್ಣ ಪಾಂಡಿತ್ಯ ಬಂದ ಮೇಲೆ ರಂಗ ಏರೋಣವೆಂದು ಅವರು ಕಾದು ಕುಳಿತಿದ್ದರೆ ಆ ಶಾಲೆಗಳೂ ಇಲ್ಲ, ಆ ಆಟಗಳೂ ಇಲ್ಲ. ನ್ಯೂಯಾರ್ಕಿನ ಕಟ್ಟಡ ಕೂಲಿಗಾರನೂ ಟಪಾಲು ವಿಭಾಗದ ನೌಕರನೂ ಸಂಬಳದ ಹಣದಲ್ಲಿ ಗಿಟಾರು ಕೊಂಡಾಗ ಮಾಡಿದ್ದು ಇದನ್ನೇ. ತಮಗೆ ಬಾರದ ನೂರು ವಿದ್ಯೆಗಳನ್ನು ಲೆಕ್ಕ ಹಾಕುತ್ತ ಅವರು ಕೂರಲಿಲ್ಲ. ಬಂದ ಮೂರು ಕಾರ್ಡ್‌ಗಳನ್ನು ಹಿಡಿದು ಮೈಮುರಿದು ದುಡಿದರು.

ಹಾಡುವ ಹಕ್ಕು ಬಿಡುವುಳ್ಳವರಿಗೆ ಮಾತ್ರವೇ ಎಂದು ಆರಂಭದಲ್ಲಿ ಕೇಳಿದೆವು. ಆ ನಾಲ್ವರು ಯಾರ ಅಪ್ಪಣೆಯನ್ನೂ ಕೇಳದೆ ಹಾಡಿದರು. ಮೂರು ಕಾರ್ಡ್ ಬಂದವನು ಮೂರರಿಂದ, ನಾಲ್ಕು ಸಾಲು ಬಂದವನು ನಾಲ್ಕು ಸಾಲಿನಿಂದ ಇಂದೇ ಆರಂಭಿಸಲಿ. ಉಳಿದುದನ್ನು ದುಡಿಮೆಯೇ ಕಲಿಸುತ್ತದೆ.